ಕರೆಗಂಟೆ ಎರಡನೇ ಬಾರಿ ಮೊಳಗಿದಾಗ

ಮಗ್ರಿಬ್ ನಮಾಝ್ ಮುಗಿದು, ಅಡುಗೆ ಮನೆಯಲ್ಲಿ ರಾತ್ರಿಯ ಸಾರಿಗೆ ಒಗ್ಗರಣೆ ಬೀಳುವ ಹೊತ್ತು. ಮಂಗಳೂರಿನ ಕುದ್ರೋಳಿಯಲ್ಲೋ ಕಂಕನಾಡಿಯಲ್ಲೋ ಒಂದು ಓಣಿಯಲ್ಲಿ ಸುಮ್ಮನೆ ನಡೆದು ನೋಡಿ. ಕಿಟಕಿಯಿಂದ ಕಿಟಕಿಗೆ ಒಂದೇ ಧಾರಾವಾಹಿಯ ಸಂಗೀತ ಕೇಳಿಸುತ್ತದೆ. ಆ ಧಾರಾವಾಹಿಯ ನಾಯಕಿಯ ನಿಜವಾದ ಹೆಸರು ನಮಗೆ ಎಷ್ಟೋ ಬಾರಿ ಗೊತ್ತಿರುವುದಿಲ್ಲ. ಪಾತ್ರದ ಹೆಸರೇ ಅವಳ ಹೆಸರು. ಅತ್ತೆ ಅವಳನ್ನು ಬೈದರೆ ನಮ್ಮ ಮನೆಯ ಅಜ್ಜಿಗೆ ಸಿಟ್ಟು ಬರುತ್ತದೆ. ಅವಳು ಅತ್ತರೆ ಮಕ್ಕಳು ಊಟ ನಿಲ್ಲಿಸುತ್ತಾರೆ. ಬೀದಿಯಲ್ಲಿ ಎದುರಾದರೆ ನೆಂಟರ ಹುಡುಗಿಯನ್ನು ಕಂಡಂತೆ ಮಾತನಾಡಿಸಲು ಹೋಗುತ್ತೇವೆ.

ನಾವು ಅವಳನ್ನು ಬಲ್ಲೆವು ಎಂದುಕೊಂಡಿದ್ದೇವೆ. ಆದರೆ ಅವಳಿಗೆ ನಾವು ಯಾರೆಂದೇ ತಿಳಿಯದು. ನಮ್ಮಲ್ಲಿ ಬಹುತೇಕ ಮಂದಿಗೆ ಈ ವ್ಯತ್ಯಾಸ ಗೊತ್ತಿದೆ. ಟಿ.ವಿ. ಆರಿಸಿದ ಕೂಡಲೇ ನಾವು ನಮ್ಮ ಬದುಕಿಗೆ ಮರಳುತ್ತೇವೆ. ಟಿ.ವಿ. ಆರಿದ ಮೇಲೂ ಮರಳದ ಒಬ್ಬ ಹುಡುಗನಿದ್ದ. ಅವನಿಂದಾಗಿ 21 ವರ್ಷದ ಒಬ್ಬ ನಟಿ ತನ್ನ ಮನೆಯ ಬಾಗಿಲಲ್ಲೇ ಸತ್ತು ಬಿದ್ದಳು. ಅವಳ ಹೆಸರು ರೆಬೆಕಾ ಶೇಫರ್. ಘಟನೆ ನಡೆದದ್ದು 1989ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ. ಅಷ್ಟು ದೂರದ, ಅಷ್ಟು ಹಳೆಯ ಸಂಗತಿ ನಮಗೇಕೆ ಎಂದು ಕೇಳಬೇಡಿ. ಹೆಣ್ಣಿನ ಬೆನ್ನು ಬಿದ್ದು ಕಾಡುವುದು ಒಂದು ಅಪರಾಧ ಎಂದು ಜಗತ್ತು ಬರೆದಿಡಲು ಕಾರಣವಾದ ಸಾವುಗಳಲ್ಲಿ ಅವಳದೂ ಒಂದು. ಇಂದು ನಮ್ಮ ಮಗಳಿಗೆ ಅಂತಹ ತೊಂದರೆಯಾದರೆ ನಾವು ಆಸರೆ ಪಡೆಯುವುದು ಅಂತಹದೇ ಒಂದು ಕಾನೂನಿನಲ್ಲಿ.

ಒಬ್ಬಳೇ ಮಗಳು

ರೆಬೆಕಾ ಹುಟ್ಟಿದ್ದು 1967ರ ನವೆಂಬರ್ 6ರಂದು, ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ. ಬೆಳೆದದ್ದು ಅಲ್ಲಿನ ಪೋರ್ಟ್‌ಲ್ಯಾಂಡ್ ನಗರದಲ್ಲಿ. ತಂದೆ ಬೆನ್ಸನ್ ಶೇಫರ್ ಮಕ್ಕಳ ಮನಃಶಾಸ್ತ್ರಜ್ಞರು. ತಾಯಿ ಡಾನಾ ಲೇಖಕಿ ಮತ್ತು ಅಧ್ಯಾಪಕಿ. ಅವರಿಗೆ ಇವಳೊಬ್ಬಳೇ ಮಗಳು. ಯಹೂದಿ ಕುಟುಂಬ. ಎಳವೆಯಲ್ಲಿ ಅವಳಿಗೆ ನಟಿಯಾಗುವ ಆಸೆಯೇನೂ ಇರಲಿಲ್ಲ. ದೊಡ್ಡವಳಾದ ಮೇಲೆ ಯಹೂದಿಗಳ ಧರ್ಮಗುರು, ಅಂದರೆ ರಬ್ಬಿ ಆಗಬೇಕೆಂದು ಹೇಳುತ್ತಿದ್ದಳಂತೆ.

ಹೈಸ್ಕೂಲಿನಲ್ಲಿದ್ದಾಗ ಅಂಗಡಿಗಳ ಬಟ್ಟೆ ಜಾಹೀರಾತುಗಳಿಗೆ ರೂಪದರ್ಶಿಯಾಗುವ ಅವಕಾಶ ಬಂತು. ಗುಂಗುರು ಕೂದಲು, ತಿಳಿ ನಗು, ಪಕ್ಕದ ಮನೆಯ ಹುಡುಗಿಯಂತಹ ಮುಖ. 1984ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಹೆತ್ತವರ ಒಪ್ಪಿಗೆ ಪಡೆದು ನ್ಯೂಯಾರ್ಕಿಗೆ ಹೋದಳು. ಓದೂ ಅಲ್ಲಿಯೇ, ಕೆಲಸವೂ ಅಲ್ಲಿಯೇ. ರೂಪದರ್ಶಿಯ ಕೆಲಸಕ್ಕೆ ಎತ್ತರ ಸಾಲದು ಎಂದು ಹಲವರು ಮುಖಕ್ಕೆ ಹೊಡೆದಂತೆ ಹೇಳಿದರು. ಕೆಲಸ ಹುಡುಕಿ ಜಪಾನಿಗೂ ಹೋಗಿ ಬಂದಳು. ಹಗಲಿನ ಧಾರಾವಾಹಿಯೊಂದರಲ್ಲಿ ಆರು ತಿಂಗಳ ಸಣ್ಣ ಪಾತ್ರ ಸಿಕ್ಕಿತು. ವುಡಿ ಅಲೆನ್ ಅವರ ಚಿತ್ರವೊಂದರಲ್ಲಿ ನಟಿಸಿದಳು. ಚಿತ್ರ ತೆರೆಗೆ ಬಂದಾಗ ಅವಳ ಭಾಗದಲ್ಲಿ ಹೆಚ್ಚಿನದು ಕತ್ತರಿಸಿ ಹೋಗಿತ್ತು. ಹೊರಗಿನವರಿಗೆ ಬರೇ ಹೊಳಪು ಕಾಣುವ ಈ ಲೋಕದಲ್ಲಿ ಒಳಗಿರುವುದು ಇಂತಹ ಕಾಯುವಿಕೆ ಮತ್ತು ತಿರಸ್ಕಾರಗಳೇ.

ಹದಿಹರೆಯದ ಹುಡುಗಿಯರ ಪತ್ರಿಕೆಯಾದ 'ಸೆವೆಂಟೀನ್'ನ ಮುಖಪುಟದಲ್ಲಿ ಅವಳ ಚಿತ್ರ ಬಂದದ್ದೇ ತಿರುವು. ಅದನ್ನು ನೋಡಿದವರು ಅವಳನ್ನು ಹೊಸ ಧಾರಾವಾಹಿಯ ಆಯ್ಕೆಗೆ ಕರೆದರು. ಹೀಗೆ 1986ರಲ್ಲಿ ಸಿಬಿಎಸ್ ವಾಹಿನಿಯಲ್ಲಿ 'ಮೈ ಸಿಸ್ಟರ್ ಸ್ಯಾಮ್' ಶುರುವಾಯಿತು. ಹೆತ್ತವರಿಲ್ಲದ ಹದಿನಾರರ ಹುಡುಗಿ ಪ್ಯಾಟಿ, ಊರು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಅಕ್ಕನ ಮನೆಗೆ ಬಂದು ನೆಲೆಸುವ ಕತೆ. ಅಕ್ಕನ ಪಾತ್ರ ಪ್ಯಾಮ್ ಡಾಬರ್ ಅವರದು. ತಂಗಿಯ ಪಾತ್ರ ರೆಬೆಕಾಳದು. ಮನೆಮಂದಿ ಕೂಡಿ ನೋಡುವಂತಹ ಹಾಸ್ಯ. ಮೊದಲ ವರ್ಷ ಚೆನ್ನಾಗಿ ಓಡಿತು. ಬಳಿಕ ವಾರದ ಬೇರೊಂದು ದಿನಕ್ಕೆ ದೂಡಿದ ಮೇಲೆ ಪ್ರೇಕ್ಷಕರು ಕಡಿಮೆಯಾಗಿ 1988ರಲ್ಲಿ ನಿಂತೇ ಹೋಯಿತು. ಆ ಎರಡು ವರ್ಷಗಳಲ್ಲಿ ರೆಬೆಕಾ ಅಮೆರಿಕದ ಸಾವಿರಾರು ಮನೆಗಳ ತಂಗಿಯಾಗಿದ್ದಳು. ಸಂಕಟದಲ್ಲಿರುವ ಹದಿಹರೆಯದ ಮಕ್ಕಳಿಗೆ ನೆರವಾಗುವ ಒಂದು ದತ್ತಿ ಸಂಸ್ಥೆಯ ಪರವಾಗಿಯೂ ಅವಳು ದುಡಿಯುತ್ತಿದ್ದಳು. ಅಂತಹದೇ ಹದಿಹರೆಯದ, ದಾರಿ ತಪ್ಪಿದ ಹುಡುಗನೊಬ್ಬ ಅವಳ ಸಾವಾಗಿ ಬಂದದ್ದು ವಿಧಿಯ ಕ್ರೂರ ವಿನೋದ.

ಅಭಿಮಾನ ಎಂಬ ಕಾಯಿಲೆ

ಅರಿಜೋನಾ ರಾಜ್ಯದ ಟೂಸಾನ್ ನಗರದ ರಾಬರ್ಟ್ ಜಾನ್ ಬಾರ್ಡೊ ಏಳು ಮಕ್ಕಳಲ್ಲಿ ಕಡೆಯವನು. ಓದಿನಲ್ಲಿ ಚುರುಕಾಗಿದ್ದವನು ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ತಿಂಡಿ ಹೊಟೇಲಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದ. ಮನಸ್ಸು ನೆಟ್ಟಗಿಲ್ಲ ಎಂದು ಶಾಲೆಯ ಅಧ್ಯಾಪಕರು ಕಂಡುಕೊಂಡಿದ್ದರು. ಒಮ್ಮೆ ಚಿಕಿತ್ಸೆಗಾಗಿ ಆಸ್ಪತ್ರೆಗೂ ಸೇರಿಸಲಾಗಿತ್ತು. ಚಿಕಿತ್ಸೆ ಮುಂದುವರಿಯಲಿಲ್ಲ. ಗೆಳೆಯರಿಲ್ಲ, ಮಾತಿಲ್ಲ. ಕೋಣೆ, ಟಿ.ವಿ., ಪತ್ರ ಬರೆಯುವುದು, ಇಷ್ಟೇ ಅವನ ಜಗತ್ತು.

ರೆಬೆಕಾಳಿಗಿಂತ ಮೊದಲು ಅವನ ಮನಸ್ಸು ನೆಟ್ಟದ್ದು ಸಮಂತಾ ಸ್ಮಿತ್ ಎಂಬ ಬಾಲಕಿಯ ಮೇಲೆ. ಸೋವಿಯತ್ ನಾಯಕನಿಗೆ ಶಾಂತಿಗಾಗಿ ಪತ್ರ ಬರೆದು ಲೋಕಪ್ರಸಿದ್ಧಳಾದ ಪುಟ್ಟ ಹುಡುಗಿ ಅವಳು. ಅವಳನ್ನು ಹುಡುಕಿಕೊಂಡು ಬಾರ್ಡೊ ಅಮೆರಿಕದ ಇನ್ನೊಂದು ಮೂಲೆಯ ಮೇನ್ ರಾಜ್ಯಕ್ಕೆ ಹೋಗಿದ್ದ. 1985ರಲ್ಲಿ ಸಮಂತಾ ವಿಮಾನ ಅಪಘಾತದಲ್ಲಿ ತೀರಿಹೋದಳು. ಮರುವರ್ಷ ಪರದೆಯ ಮೇಲೆ ಪ್ಯಾಟಿ ಬಂದಳು. ಅವನ ಕೋಣೆಯ ಗೋಡೆಯಲ್ಲಿ ಅವಳ ಚಿತ್ರಗಳು ತುಂಬಿದವು.

ಅವನು ಅವಳಿಗೆ ಪತ್ರ ಬರೆದ. ಅಭಿಮಾನಿಗಳ ಪತ್ರಕ್ಕೆ ಉತ್ತರಿಸುವುದು ಸೌಜನ್ಯ ಎಂದು ತಿಳಿದಿದ್ದ ಹುಡುಗಿ ಒಂದು ಚಿತ್ರಕ್ಕೆ ಸಹಿ ಹಾಕಿ, ಕೈಯಾರೆ ಎರಡು ಸಾಲು ಗೀಚಿ ಕಳುಹಿಸಿದಳು. ಅವಳಿಗೆ ಅದು ನೂರಾರರಲ್ಲಿ ಒಂದು. ಅವನಿಗೆ ಅದು ತನಗೊಬ್ಬನಿಗೇ ಬಂದ ಸಂದೇಶ.

1987ರಲ್ಲಿ ಹೂವನ್ನೂ ಗೊಂಬೆ ಕರಡಿಯನ್ನೂ ಹಿಡಿದುಕೊಂಡು ಅವನು ಚಿತ್ರೀಕರಣ ನಡೆಯುತ್ತಿದ್ದ ಸ್ಟುಡಿಯೋದ ಗೇಟಿಗೆ ಬಂದ. ಕಾವಲಿನವರು ಒಳಗೆ ಬಿಡಲಿಲ್ಲ. ಕೆಲವು ವಾರಗಳ ಬಳಿಕ ಮತ್ತೆ ಬಂದ. ಈ ಬಾರಿ ಅವನ ಬಳಿ ಚೂರಿ ಇತ್ತು. ಆಗಲೂ ಅವನನ್ನು ವಾಪಸು ಕಳುಹಿಸಲಾಯಿತು, ಅಷ್ಟೇ. ಹುಡುಗ ಹುಚ್ಚು ಅಭಿಮಾನಿ, ಮನೆಗೆ ಹೋಗಿ ಮಲಗಿದರೆ ಸರಿಯಾಗುತ್ತಾನೆ ಎಂದು ಎಲ್ಲರೂ ಭಾವಿಸಿದರು. ಯಾರನ್ನೂ ಹೊಡೆಯದ, ಯಾವುದನ್ನೂ ಕದಿಯದ ಒಬ್ಬನನ್ನು ಯಾವ ಅಪರಾಧಕ್ಕಾಗಿ ಹಿಡಿಯುವುದು? ಹಾಗೆ ಬೆನ್ನು ಬೀಳುವುದಕ್ಕೆ ಅಂದಿನ ಕಾನೂನಿನಲ್ಲಿ ಹೆಸರೇ ಇರಲಿಲ್ಲ.

1989ರಲ್ಲಿ ರೆಬೆಕಾ ನಟಿಸಿದ ಒಂದು ಸಿನಿಮಾ ತೆರೆಗೆ ಬಂತು. ಅದರ ಒಂದು ದೃಶ್ಯದಲ್ಲಿ ಅವಳು ಪುರುಷನೊಬ್ಬನ ಜೊತೆ ಹಾಸಿಗೆಯಲ್ಲಿದ್ದಳು. ಬಾರ್ಡೊ ಅದನ್ನು ನೋಡಿ ಕೆರಳಿದ. ತನ್ನ ಮುಗ್ಧ 'ಪ್ಯಾಟಿ' ಕೆಟ್ಟು ಹೋದಳು, ಅವಳಿಗೆ ಶಿಕ್ಷೆಯಾಗಬೇಕು ಎಂದು ತೀರ್ಮಾನಿಸಿದ. ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ದೃಶ್ಯ ನಮಗೂ ಹಿಡಿಸಲಿಕ್ಕಿಲ್ಲ. ನಮ್ಮ ಮಕ್ಕಳು ಅದನ್ನು ನೋಡಬಾರದು ಎಂದೂ ನಾವು ಹೇಳಬಹುದು. ಆದರೆ ಹಿಡಿಸದಿರುವುದಕ್ಕೂ ತೀರ್ಪುಗಾರನಾಗಿ ಕೈಗೆ ಆಯುಧ ತೆಗೆದುಕೊಳ್ಳುವುದಕ್ಕೂ ನಡುವೆ ಆಕಾಶ ಭೂಮಿಯ ಅಂತರವಿದೆ. ಹೆಣ್ಣು ತಾನು ಎಣಿಸಿದಂತೆ ಇಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಶಿಕ್ಷಿಸಲು ಹೊರಡುವ ಗಂಡಸು ನೀತಿವಂತನಲ್ಲ. ಅವಳನ್ನು ತನ್ನ ಸೊತ್ತೆಂದು ಎಣಿಸಿಕೊಂಡವನು.

ಆ ಒಂದು ಬೆಳಿಗ್ಗೆ

ವಿಳಾಸ ಬೇಕಿತ್ತು. ಬಾರ್ಡೊ ಟೂಸಾನ್‌ನ ಖಾಸಗಿ ಪತ್ತೇದಾರನೊಬ್ಬನಿಗೆ 250 ಡಾಲರ್ ಕೊಟ್ಟ. ಪತ್ತೇದಾರ ಕಷ್ಟಪಡಬೇಕಾಗಲಿಲ್ಲ. ನಮ್ಮ ಆರ್‌ಟಿಒ ಕಚೇರಿಯಂತಹ, ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಯ ದಾಖಲೆಯಲ್ಲಿ ಅವಳ ಮನೆಯ ವಿಳಾಸವಿತ್ತು. ಚಿಕ್ಕ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅದನ್ನು ಪಡೆಯಬಹುದಿತ್ತು. ಬಂದೂಕು ಕೊಳ್ಳಲು ಬಾರ್ಡೊಗೆ ವಯಸ್ಸು ಸಾಲದಿತ್ತು. ಅಣ್ಣ ರಿವಾಲ್ವರ್ ಕೊಡಿಸಿದ.

1989ರ ಜುಲೈ 18, ಮಂಗಳವಾರ. ರೆಬೆಕಾಳ ಪಾಲಿಗೆ ದೊಡ್ಡ ದಿನ. 'ಗಾಡ್‌ಫಾದರ್' ಸರಣಿಯ ಮೂರನೇ ಚಿತ್ರಕ್ಕಾಗಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರನ್ನು ಅವಳು ಕಾಣಬೇಕಿತ್ತು. ಚಿತ್ರಕತೆಯ ಪ್ರತಿಯನ್ನು ಯಾರೋ ಮನೆಗೆ ತಂದು ಕೊಡುವವರಿದ್ದರು. ಬೆಳಿಗ್ಗೆ ಕರೆಗಂಟೆ ಬಾರಿಸಿತು. ಕೆಳಗಿನ ಬಾಗಿಲಿನಲ್ಲಿ ಯಾರಿದ್ದಾರೆಂದು ಮೇಲಿನಿಂದಲೇ ಕೇಳುವ ಸಾಧನ ಅವಳ ಕಟ್ಟಡದಲ್ಲಿ ಕೆಟ್ಟಿತ್ತು. ಅವಳೇ ಇಳಿದು ಬಂದು ಬಾಗಿಲು ತೆರೆದಳು.

ಅಪರಿಚಿತ ಹುಡುಗ ಅವಳು ಕಳುಹಿಸಿದ್ದ ಚಿತ್ರವನ್ನು ತೋರಿಸಿದ. ಅವಳು ಗದರಲಿಲ್ಲ. ಎರಡು ಮಾತನಾಡಿ, ಮನೆಗೆ ಹೀಗೆ ಬರಬಾರದು ಎಂದು ತಿಳಿಹೇಳಿ, ಕೈಕುಲುಕಿ ಕಳುಹಿಸಿದಳು. ಅವನು ಹತ್ತಿರದ ಹೊಟೇಲಿಗೆ ಹೋಗಿ ತಿಂಡಿ ತಿಂದ. ಸುಮಾರು ಒಂದು ಗಂಟೆಯ ಬಳಿಕ ಕರೆಗಂಟೆ ಎರಡನೇ ಬಾರಿ ಬಾರಿಸಿತು. ಅವಳು ಮತ್ತೆ ಇಳಿದು ಬಂದಳು. ಬಾಗಿಲು ತೆರೆದೊಡನೆ ಅವನು ಎದೆಗೆ ಗುಂಡಿಟ್ಟ. ಏಕೆ, ಏಕೆ ಎಂದು ಕೇಳುತ್ತಲೇ ಅವಳು ಕುಸಿದಳು. ಸೀಡರ್ಸ್ ಸೈನಾಯ್ ಆಸ್ಪತ್ರೆಗೆ ಒಯ್ದರೂ ಜೀವ ಉಳಿಯಲಿಲ್ಲ.

ಮರುದಿನ ಟೂಸಾನ್‌ನ ಹೆದ್ದಾರಿಯಲ್ಲಿ ವಾಹನಗಳ ನಡುವೆ ಹುಚ್ಚನಂತೆ ಓಡಾಡುತ್ತಿದ್ದ ಬಾರ್ಡೊನನ್ನು ಪೊಲೀಸರು ಹಿಡಿದರು. ಮಾರ್ಸಿಯಾ ಕ್ಲಾರ್ಕ್ ಎಂಬ ಸರಕಾರಿ ವಕೀಲೆ ವಾದ ಮಂಡಿಸಿದರು. 1991ರಲ್ಲಿ ಅಪರಾಧ ಸಾಬೀತಾಗಿ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿ ಶಿಕ್ಷೆಯಾಯಿತು. ಅವನಿಗೆ ಆಗ 21. ರೆಬೆಕಾ ಸತ್ತಾಗಿನ ವಯಸ್ಸೂ ಅದೇ. ಒಬ್ಬಳು ಮಣ್ಣಿಗೆ, ಇನ್ನೊಬ್ಬ ಸೆರೆಮನೆಗೆ. ಎರಡು ಮನೆಗಳ ತಾಯಂದಿರಿಗೆ ಕಣ್ಣೀರು.

ಸಾವಿನಿಂದ ಹುಟ್ಟಿದ ಕಾನೂನು

ಇದು ಮೊದಲನೆಯದೇನೂ ಆಗಿರಲಿಲ್ಲ. 1982ರ ಮಾರ್ಚಿನಲ್ಲಿ ಅದೇ ಲಾಸ್ ಏಂಜಲೀಸ್‌ನಲ್ಲಿ ಥೆರೆಸಾ ಸಲ್ದಾನಾ ಎಂಬ ನಟಿಯನ್ನು, ಸ್ಕಾಟ್ಲೆಂಡಿನಿಂದ ಹುಡುಕಿಕೊಂಡು ಬಂದ ಒಬ್ಬ ಹಗಲು ಹೊತ್ತಿನಲ್ಲೇ ಮನೆಯ ಮುಂದೆ ಇರಿದಿದ್ದ. ಅವನೂ ಖಾಸಗಿ ಪತ್ತೇದಾರನ ಸಹಾಯ ಪಡೆದಿದ್ದ. ಕುಡಿಯುವ ನೀರು ಹಂಚಲು ಬಂದಿದ್ದ ಯುವಕ ಧೈರ್ಯದಿಂದ ಮುನ್ನುಗ್ಗಿ ಇರಿಯುವವನ ಕೈ ಹಿಡಿದದ್ದರಿಂದ ಅವಳು ಬದುಕಿದಳು. ಗುಣಮುಖಳಾದ ಮೇಲೆ ತನ್ನಂತಹವರಿಗಾಗಿ ಸಂಘಟನೆ ಕಟ್ಟಿ ದುಡಿದಳು. ಆದರೂ ಕಾನೂನು ಅಲುಗಲಿಲ್ಲ.

ರೆಬೆಕಾಳ ಸಾವಿನ ಬಳಿಕ ಅಲುಗಿತು. ಅದಕ್ಕೆ ಕಾರಣ ಅವಳ ಪ್ರಸಿದ್ಧಿ ಮಾತ್ರವಲ್ಲ. ಅದೇ ಸಮಯದಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಹೆಸರಿಲ್ಲದ ಹಲವು ಸಾಮಾನ್ಯ ಹೆಂಗಸರು, ತಮ್ಮನ್ನು ಕಾಡುತ್ತಿದ್ದ ಗಂಡಸರ ಕೈಯಲ್ಲೇ ಸತ್ತಿದ್ದರು. ನ್ಯಾಯಾಲಯದ ರಕ್ಷಣಾ ಆದೇಶ ಅವರನ್ನು ಉಳಿಸಿರಲಿಲ್ಲ. 1990ರಲ್ಲಿ ಕ್ಯಾಲಿಫೋರ್ನಿಯಾ, ಬೆನ್ನು ಬಿದ್ದು ಹೆದರಿಸುವುದನ್ನೇ ಅಪರಾಧವೆಂದು ಸಾರುವ ಕಾನೂನನ್ನು ಅಮೆರಿಕದಲ್ಲಿ ಮೊದಲ ಬಾರಿಗೆ ಮಾಡಿತು. 1991ರ ಜನವರಿಯಿಂದ ಅದು ಜಾರಿಗೆ ಬಂತು. ಕೆಲವೇ ವರ್ಷಗಳಲ್ಲಿ ಉಳಿದ ರಾಜ್ಯಗಳೂ ಅನುಸರಿಸಿದವು. ಲಾಸ್ ಏಂಜಲೀಸ್ ಪೊಲೀಸರು 1990ರಲ್ಲಿ ಇಂತಹ ಪ್ರಕರಣಗಳಿಗಾಗಿಯೇ ಪ್ರತ್ಯೇಕ ತಂಡ ಕಟ್ಟಿದರು. ವಾಹನ ಇಲಾಖೆಯ ದಾಖಲೆಯಿಂದ ಜನರ ವಿಳಾಸವನ್ನು ಸಿಕ್ಕವರಿಗೆ ಕೊಡಬಾರದೆಂದು 1994ರಲ್ಲಿ ಇಡೀ ಅಮೆರಿಕಕ್ಕೆ ಅನ್ವಯವಾಗುವ ಕಾಯಿದೆ ಬಂತು.

ರೆಬೆಕಾಳ ತಂದೆ ತಾಯಿ ಸುಮ್ಮನೆ ಕುಳಿತು ಅಳಲಿಲ್ಲ. ಬಂದೂಕು ಅಷ್ಟು ಸುಲಭವಾಗಿ ಕೈಗೆ ಸಿಗಬಾರದೆಂದು ಒತ್ತಾಯಿಸುವವರ ಜೊತೆ ಸೇರಿದರು. ಮಗಳನ್ನು ಕಳೆದುಕೊಂಡ ನೋವನ್ನು ತಾಯಿ ಡಾನಾ ನಾಟಕವಾಗಿ ಬರೆದು ತಾವೇ ರಂಗದ ಮೇಲೆ ನಿಂತು ಹೇಳಿದರು. ಕೊಲೆಗಾರನ ಹೆಸರು ಎಲ್ಲರಿಗೂ ನೆನಪಿದೆ, ಸತ್ತವಳು ಬರೇ ಒಂದು ಫೋಟೊ ಆಗಿಬಿಡುತ್ತಾಳೆ ಎಂಬುದು ಇಂತಹ ಎಲ್ಲ ಹೆತ್ತವರ ಸಂಕಟ. ಅವಳು ಹುಡುಗಿಯಾಗಿದ್ದಳು, ಮಗಳಾಗಿದ್ದಳು ಎಂದು ಯಾರಾದರೂ ಹೇಳುತ್ತಲೇ ಇರಬೇಕಾಗುತ್ತದೆ.

ನಮ್ಮ ನೆಲದಲ್ಲಿ

ನಮ್ಮ ದೇಶಕ್ಕೆ ಇದೇ ಪಾಠ ಬಂದದ್ದು ಬಹಳ ತಡವಾಗಿ. ದೆಹಲಿಯ ಕಾನೂನು ವಿದ್ಯಾರ್ಥಿನಿ ಪ್ರಿಯದರ್ಶಿನಿ ಮಟ್ಟೂ ತನ್ನ ಬೆನ್ನು ಬಿದ್ದವನ ವಿರುದ್ಧ ಮತ್ತೆ ಮತ್ತೆ ದೂರು ಕೊಟ್ಟಿದ್ದಳು. ಕಾಡುತ್ತಿದ್ದವನು ಪೊಲೀಸ್ ಅಧಿಕಾರಿಯೊಬ್ಬರ ಮಗ. 1996ರ ಜನವರಿ 23ರಂದು ಅವಳು ಮನೆಯಲ್ಲೇ ಕೊಲೆಯಾದಳು. ಕೆಳ ನ್ಯಾಯಾಲಯ 1999ರಲ್ಲಿ ಅವನನ್ನು ಬಿಡುಗಡೆ ಮಾಡಿತು. ದೇಶದಾದ್ಯಂತ ಎದ್ದ ಕೂಗಿನ ಬಳಿಕ 2006ರಲ್ಲಿ ದೆಹಲಿ ಹೈಕೋರ್ಟ್ ಅವನನ್ನು ಅಪರಾಧಿ ಎಂದಿತು. 2010ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2012ರ ಡಿಸೆಂಬರಿನ ದೆಹಲಿಯ ಅತ್ಯಾಚಾರದ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ತನ್ನ ವರದಿ ಕೊಟ್ಟದ್ದು 2013ರ ಜನವರಿ 23ರಂದು. ಸರಿಯಾಗಿ ಹದಿನೇಳು ವರ್ಷಗಳ ನಂತರ, ಅದೇ ದಿನ. ಆ ವರ್ಷವೇ ಹೆಣ್ಣನ್ನು ಹಿಂಬಾಲಿಸಿ ಕಾಡುವುದು ಭಾರತೀಯ ದಂಡ ಸಂಹಿತೆಯಲ್ಲಿ ಅಪರಾಧವಾಗಿ ಸೇರಿತು.

ಕನ್ನಡದ ತೆರೆಯೂ ಇಂತಹ ದುಃಖಗಳಿಂದ ಹೊರತಲ್ಲ. 2012ರ ಅಕ್ಟೋಬರಿನಲ್ಲಿ ಕಿರುತೆರೆ ನಟಿ ಹೇಮಶ್ರೀ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ತಂದಾಗ ಜೀವವಿರಲಿಲ್ಲ. ಪೊಲೀಸರು ಬಂಧಿಸಿದ್ದು ಗಂಡನನ್ನು. 2002ರ 'ಮೇಕಪ್' ಎಂಬ ಕನ್ನಡ ಚಿತ್ರದಲ್ಲಿ ನಟಿಸಿದ್ದ ಲೈಲಾ ಖಾನ್, 2011ರಲ್ಲಿ ತಾಯಿ ಮತ್ತು ಒಡಹುಟ್ಟಿದವರ ಸಮೇತ ಕಾಣೆಯಾದರು. ಮಹಾರಾಷ್ಟ್ರದ ಇಗತ್‌ಪುರಿಯ ಅವರದೇ ತೋಟದ ಮನೆಯಲ್ಲಿ ಮರುವರ್ಷ ಸಿಕ್ಕಿದ್ದು ಎಲುಬುಗಳು. 2024ರ ಮೇ ತಿಂಗಳಲ್ಲಿ ಮುಂಬೈ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿದ್ದು ಮಲತಂದೆಗೆ. 2025ರ ಜುಲೈಯಲ್ಲಿ ಬೆಂಗಳೂರಿನ ಧಾರಾವಾಹಿ ನಟಿಯೊಬ್ಬರು ಮನೆಯಲ್ಲೇ ಇರಿತಕ್ಕೊಳಗಾಗಿ ಬದುಕಿ ಉಳಿದರು. ಆಗಲೂ ಬಂಧಿತನಾದವನು ಗಂಡ. ಅಪಾಯ ಕರೆಗಂಟೆ ಬಾರಿಸಿಯೇ ಬರಬೇಕೆಂದಿಲ್ಲ, ಬೀಗದ ಕೈ ಇದ್ದವನ ರೂಪದಲ್ಲೂ ಇರಬಹುದು.

ಆದರೆ ರೆಬೆಕಾಳ ಕತೆಗೆ ತೀರಾ ಹತ್ತಿರವಾದದ್ದು 2025ರ ಜೂನ್ 2ರಂದು ಇಸ್ಲಾಮಾಬಾದಿನಲ್ಲಿ ನಡೆಯಿತು. ಟಿಕ್‌ಟಾಕ್‌ನಲ್ಲಿ ಲಕ್ಷಾಂತರ ಮಂದಿ ನೋಡುತ್ತಿದ್ದ ಹದಿನೇಳರ ಹುಡುಗಿ ಸನಾ ಯೂಸುಫ್ ತನ್ನ ಮನೆಯಲ್ಲೇ ಗುಂಡಿಗೆ ಬಲಿಯಾದಳು. ಮರುದಿನ 22 ವರ್ಷದ ಯುವಕನನ್ನು ಬಂಧಿಸಿದ ಪೊಲೀಸರು, ಅವನ ಗೆಳೆತನವನ್ನು ಅವಳು ಮತ್ತೆ ಮತ್ತೆ ನಿರಾಕರಿಸಿದ್ದಳೆಂದು ಹೇಳಿದರು. 36 ವರ್ಷಗಳಲ್ಲಿ ಬದಲಾದದ್ದು ಪರದೆಯ ಗಾತ್ರ ಮಾತ್ರ. ಅಂದು ಗೋಡೆ ಬದಿಯ ಪೆಟ್ಟಿಗೆ, ಇಂದು ಅಂಗೈಯ ಫೋನು.

ಇಂದು ನಟಿಯಾಗಬೇಕಾಗಿಯೂ ಇಲ್ಲ. ನಮ್ಮ ಮಂಗಳೂರಿನ ಹೊರವಲಯದ ದೇರಳಕಟ್ಟೆಯಲ್ಲಿ 2019ರ ಜೂನ್‌ನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳನ್ನು ನಡುಬೀದಿಯಲ್ಲಿ ಹಲವು ಬಾರಿ ಇರಿಯಲಾಯಿತು. ಸುತ್ತ ನಿಂತವರು ಮುಂದೆ ಹೋಗಲು ಅಂಜುತ್ತಿದ್ದಾಗ ಹತ್ತಿರದ ಆಸ್ಪತ್ರೆಯ ದಾದಿಯೊಬ್ಬರು ಧಾವಿಸಿ ಬಂದು ಅವಳನ್ನು ಎತ್ತಿಕೊಂಡರು. ಹುಡುಗಿ ಬದುಕಿದಳು. ಲಾಸ್ ಏಂಜಲೀಸ್‌ನ ಆ ನೀರು ಹಂಚುವ ಯುವಕನಿಗೂ ನಮ್ಮ ದಾದಿಗೂ ಪರಸ್ಪರ ಪರಿಚಯವಿಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಹುಬ್ಬಳ್ಳಿಯಲ್ಲಿ ಅಷ್ಟು ಅದೃಷ್ಟವಿರಲಿಲ್ಲ. 2024ರ ಏಪ್ರಿಲ್ 18ರಂದು ಕಾಲೇಜಿನ ಆವರಣದಲ್ಲೇ ಒಬ್ಬಳು ವಿದ್ಯಾರ್ಥಿನಿ ಕೊಲೆಯಾದಳು. ಒಂದು ತಿಂಗಳೂ ತುಂಬುವ ಮೊದಲು, ಮೇ 15ರ ನಸುಕಿನಲ್ಲಿ, ಅದೇ ನಗರದಲ್ಲಿ ಇನ್ನೊಬ್ಬ ಬಡ ಹುಡುಗಿಯನ್ನು ಮನೆಗೆ ನುಗ್ಗಿ ಕೊಲ್ಲಲಾಯಿತು. ಬೆದರಿಕೆ ಇದೆ ಎಂದು ಎರಡನೆಯ ಹುಡುಗಿಯ ಮನೆಯವರು ಮೊದಲೇ ಪೊಲೀಸರ ಬಳಿ ಹೋಗಿದ್ದರು. ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೆಂಬ ಕಾರಣಕ್ಕೆ ಬಳಿಕ ಪೊಲೀಸರು ಅಮಾನತಾದರು. ಮೊದಲ ಪ್ರಕರಣದ ಆರೋಪಿ ಮುಸ್ಲಿಮ್ ಹುಡುಗ, ಎರಡನೆಯದರಲ್ಲಿ ಅಲ್ಲ. ಮೊದಲನೆಯದರ ಬಗ್ಗೆ ಊರೂರಲ್ಲಿ ಗದ್ದಲವೆದ್ದಿತು, ಎರಡನೆಯದರ ಬಗ್ಗೆ ಅಷ್ಟಿರಲಿಲ್ಲ. ಧಾರವಾಡದ ಮುಸ್ಲಿಮರು ಅಂಗಡಿ ಮುಚ್ಚಿ ಸತ್ತ ಹುಡುಗಿಗಾಗಿ ಸಂತಾಪ ಸೂಚಿಸಿದ್ದು ಸರಿಯಾದ ನಡೆ. ನಮ್ಮವನೋ ಅವರವನೋ ಎಂದು ನೋಡಿ ದುಃಖಿಸುವವರು ಸತ್ತವಳಿಗೆ ನ್ಯಾಯ ಕೊಡಿಸಲಾರರು.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 78ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಮಾತಿಗೆಳೆಯಲು ಯತ್ನಿಸುವುದು ಅಪರಾಧ. ಅವಳ ಇಂಟರ್ನೆಟ್, ಇ-ಮೇಲ್ ಮುಂತಾದವುಗಳ ಬಳಕೆಯ ಮೇಲೆ ಕಣ್ಣಿಡುವುದೂ ಅಪರಾಧ. ಮೊದಲ ಬಾರಿಗೆ ಮೂರು ವರ್ಷಗಳ ತನಕ, ಮತ್ತೆ ಮಾಡಿದರೆ ಐದು ವರ್ಷಗಳ ತನಕ ಸೆರೆವಾಸ ಮತ್ತು ದಂಡ. ಮೊದಲ ಬಾರಿಯ ಅಪರಾಧಕ್ಕೆ ಜಾಮೀನು ಸುಲಭವಾಗಿ ಸಿಗುತ್ತದೆ ಎಂಬುದು ಈ ಕಾನೂನಿನ ದುರ್ಬಲ ಜಾಗ. ಆದುದರಿಂದ ದೂರು ಕೊಟ್ಟ ಬಳಿಕದ ದಿನಗಳಲ್ಲಿ ಮನೆಯವರು ಇನ್ನಷ್ಟು ಎಚ್ಚರವಾಗಿರಬೇಕು.

ಇಂತಹ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಮಂಗಳೂರಿನಲ್ಲಿ ಪಾಂಡೇಶ್ವರದ ಮಹಿಳಾ ಠಾಣೆ ಇದೆ. ಠಾಣೆಯವರು ಬರೆದುಕೊಳ್ಳಲು ಹಿಂಜರಿದರೆ ದೂರನ್ನು ಬರಹದಲ್ಲಿ ಮೇಲಧಿಕಾರಿಗಳಿಗೆ ಕಳುಹಿಸುವ ಹಕ್ಕಿದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಈ ಸಂಖ್ಯೆಗಳನ್ನು ಮಗಳ ಫೋನಿನಲ್ಲಿ ಮಾತ್ರವಲ್ಲ, ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಬಂದ ಸಂದೇಶಗಳನ್ನು ಅಸಹ್ಯದಿಂದ ಅಳಿಸಿ ಹಾಕಬೇಡಿ. ಅವೇ ಸಾಕ್ಷ್ಯ. ದಿನ, ಗಂಟೆ, ಜಾಗವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ವಿಳಾಸದ ಬಗ್ಗೆಯೂ ಒಂದು ಮಾತು. ರೆಬೆಕಾಳ ವಿಳಾಸಕ್ಕೆ 250 ಡಾಲರ್ ಬೇಕಾಯಿತು. ನಮ್ಮ ಮಕ್ಕಳದ್ದು ಪುಕ್ಕಟೆಯಾಗಿ ಸಿಗುತ್ತಿದೆ. ರೀಚಾರ್ಜ್ ಅಂಗಡಿಯ ಪುಸ್ತಕದಲ್ಲಿ ಬರೆಸಿದ ಫೋನ್ ನಂಬರ್, ಝೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬಂದ ಆಧಾರ್ ಪ್ರತಿ, ಮನೆಯ ಗೇಟು ಕಾಣುವಂತೆ ಸ್ಟೇಟಸ್‌ನಲ್ಲಿ ಹಾಕಿದ ಫೋಟೊ, ಕಾಲೇಜಿನ ಹೆಸರಿರುವ ಸಮವಸ್ತ್ರ, ದಿನವೂ ಏರುವ ಬಸ್ಸಿನ ನಂಬರು. ಇವಿಷ್ಟೂ ಸೇರಿದರೆ ಯಾವ ಪತ್ತೇದಾರನ ಅಗತ್ಯವೂ ಇಲ್ಲ.

ಮನೆಯಲ್ಲಿ ಆಡಬೇಕಾದ ಮಾತು

ಸ್ಟೇಟ್ ಬ್ಯಾಂಕ್‌ನಿಂದ ಬಸ್ಸು ಹತ್ತುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಒಬ್ಬ ದಿನವೂ ಅದೇ ಬಸ್ಸಿಗೆ ಹತ್ತುತ್ತಾನೆ, ಅವಳು ಇಳಿದಲ್ಲೇ ಇಳಿಯುತ್ತಾನೆ. ಎಲ್ಲಿಂದಲೋ ನಂಬರ್ ಪಡೆದು ಸಂದೇಶ ಕಳುಹಿಸುತ್ತಾನೆ. ಅವಳು ಮನೆಯಲ್ಲಿ ಹೇಳುವುದಿಲ್ಲ. ಏಕೆಂದರೆ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ನೀನೇನು ಮಾಡಿದೆ, ಅವನಿಗೆ ನಿನ್ನ ನಂಬರ್ ಹೇಗೆ ಸಿಕ್ಕಿತು ಎಂಬ ಪ್ರಶ್ನೆ ಮೊದಲು ಬರುತ್ತದೆ. ಫೋನು ಹೋಗುತ್ತದೆ. ಕಾಲೇಜು ನಿಲ್ಲುತ್ತದೆ. ಒಂದು ವರ್ಷದೊಳಗೆ ಗಂಡು ಹುಡುಕುವ ಮಾತು. ಕಾಡಿದವನಿಗೆ ಏನೂ ಆಗುವುದಿಲ್ಲ, ಕಾಡಿಸಿಕೊಂಡವಳಿಗೆ ಶಿಕ್ಷೆ. ಮಗಳು ಬಾಯಿ ಮುಚ್ಚಿಕೊಳ್ಳುವುದು ನಾವು ಕಲಿಸಿದ ಪಾಠ.

ಮಗಳು ಬಂದು ಹೇಳಿದಾಗ ಉಮ್ಮನ ಮೊದಲ ಮಾತು, "ನೀನು ಹೇಳಿದ್ದು ಒಳ್ಳೆಯದಾಯಿತು ಮೋಳೆ" ಎಂಬುದಾಗಿರಲಿ. ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು. ಆ ಒಂದು ಮಾತು ಇದ್ದ ಮನೆಯ ಹುಡುಗಿ ಎರಡನೇ ಕರೆಗಂಟೆಯ ತನಕ ಒಬ್ಬಳೇ ಕಾಯಬೇಕಾಗುವುದಿಲ್ಲ.

ಮಗನ ಜೊತೆಯೂ ಮಾತಿದೆ, ಅದು ಇನ್ನೂ ಮುಖ್ಯ. ಪರರ ಮನೆಗೆ ಅನುಮತಿ ಕೇಳಿ, ಸಲಾಮ್ ಹೇಳಿಯೇ ಪ್ರವೇಶಿಸಬೇಕು, ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂದು ಸೂರಃ ಅನ್ನೂರ್ ಕಲಿಸುತ್ತದೆ. ದೃಷ್ಟಿ ತಗ್ಗಿಸುವ ಆದೇಶವೂ ಅದೇ ಸೂರಃದಲ್ಲಿ ಮೊದಲು ಬಂದದ್ದು ಗಂಡಸರಿಗೆ. ಮನೆಯ ಬಾಗಿಲಿಗೆ ಇರುವ ಈ ಮರ್ಯಾದೆ ಮನುಷ್ಯರ ಮನಸ್ಸಿನ ಬಾಗಿಲಿಗೂ ಇಲ್ಲವೇ? ಬೇಡ ಎಂದ ಹುಡುಗಿಯ ಹಿಂದೆ ಬಿದ್ದು ಅವಳನ್ನು ಒಲಿಸಿಕೊಳ್ಳುವವನೇ ಗಂಡು ಎಂದು ನಮ್ಮ ಸಿನಿಮಾಗಳು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿವೆ. ನಾಯಕ ಹಿಂಬಾಲಿಸಿದರೆ ಪ್ರೇಮ, ಖಳ ಹಿಂಬಾಲಿಸಿದರೆ ಅಪರಾಧ. ನಿಜ ಜೀವನದಲ್ಲಿ ಅಂತಹ ವ್ಯತ್ಯಾಸವಿಲ್ಲ. ಇಲ್ಲ ಎಂಬುದಕ್ಕೆ ಇಲ್ಲ ಎಂದೇ ಅರ್ಥ ಎಂದು ಮಗನಿಗೆ ಹೇಳಬೇಕಾದವರು ಹೆತ್ತವರು.

ಬಾರ್ಡೊನ ಬದುಕನ್ನು ಹಿಂದಿರುಗಿ ನೋಡಿದರೆ ಅವನನ್ನು ತಡೆಯಬಹುದಾಗಿದ್ದ ಬಾಗಿಲುಗಳು ಎಷ್ಟೊಂದಿದ್ದವು! ಕೋಣೆಯ ಗೋಡೆಯನ್ನು ನೋಡಿದವರು, ಅರ್ಧಕ್ಕೆ ನಿಂತ ಚಿಕಿತ್ಸೆ, ಚೂರಿ ಹಿಡಿದು ಬಂದವನನ್ನು ಸುಮ್ಮನೆ ವಾಪಸು ಕಳುಹಿಸಿದವರು, ವಿಳಾಸ ಮಾರಿದ ಪತ್ತೇದಾರ, ಅದನ್ನು ಕೊಟ್ಟ ಇಲಾಖೆ, ರಿವಾಲ್ವರ್ ಕೊಡಿಸಿದ ಅಣ್ಣ. ಒಂದೊಂದು ಬಾಗಿಲೂ ಸದ್ದಿಲ್ಲದೆ ತೆರೆದುಕೊಂಡಿತು. ಕೊನೆಗೆ ಉಳಿದದ್ದು ಅವಳ ಮನೆಯ ಬಾಗಿಲು ಒಂದೇ. ಅದನ್ನು ಅವಳು ನಂಬಿಕೆಯಿಂದ ತೆರೆದಳು. ತಪ್ಪು ಅವಳ ನಂಬಿಕೆಯದ್ದಲ್ಲ.

ಇಂದು ರಾತ್ರಿ ಧಾರಾವಾಹಿ ಮುಗಿದು ಟಿ.ವಿ. ಆರಿಸಿದ ಬಳಿಕ, ಊಟಕ್ಕೆ ಕುಳಿತಾಗ, ಮಕ್ಕಳನ್ನು ಒಮ್ಮೆ ಕೇಳಿ. ಯಾರಾದರೂ ತೊಂದರೆ ಕೊಡುತ್ತಿದ್ದಾರೆಯೇ ಎಂದು ಮಗಳನ್ನು. ಯಾರಿಗಾದರೂ ತೊಂದರೆ ಕೊಡುತ್ತಿದ್ದೀಯಾ ಎಂದು ಮಗನನ್ನು. ಎರಡನೆಯ ಪ್ರಶ್ನೆ ಕೇಳಲು ಕಷ್ಟ. ಆದರೂ ಕೇಳಿ.